ಬುಸ್ ಅಂದರೆ ಸ್ವಚ್ಛ!

ನೊರೆ ಬಂತೆಂದರೆ ಕೊಳೆ ಹೋಯಿತು ಎಂಬುದು ಈಗ ನಾಡಿನ ಹೊಸ ನಂಬಿಕೆ. ಮೊಬೈಲ್ ತೆರೆಯಿರಿ. ಬಳೆ ತೊಟ್ಟ ಒಂದು ಕೈ ಸಿಂಕಿಗೆ ಎರಡು ಚಮಚ ಅಡುಗೆ ಸೋಡಾ ಉದುರಿಸುತ್ತದೆ, ಇನ್ನೊಂದು ಕೈ ಅದರ ಮೇಲೆ ವಿನೆಗರ್ ಹುಯ್ಯುತ್ತದೆ. ಬುಸ್! ಹಿನ್ನೆಲೆಯಲ್ಲಿ ಡೋಲು. ವಿಡಿಯೋಗೆ ಅಲ್ಲೊಂದು ಕತ್ತರಿ. ಮರುಕ್ಷಣ ಸಿಂಕು ಫಳಫಳ. ಕತ್ತರಿ ಬಿದ್ದ ಆ ನಡುವಿನ ಇಪ್ಪತ್ತು ನಿಮಿಷ ತೆಂಗಿನ ನಾರು ಹಿಡಿದು ಬೆನ್ನು ಬಗ್ಗಿಸಿ ತಿಕ್ಕಿದವರು ಯಾರೋ ಗೊತ್ತಿಲ್ಲ. ಅವರಿಗೆ ಫಾಲೋವರ್ಸ್ ಇರಲಾರರು.

ಆ ಬುಸ್ಸಿನ ಲೆಕ್ಕ ಸಣ್ಣದು. ಅಂಗಡಿಯ ವಿನೆಗರ್‌ನಲ್ಲಿ ಅಸಿಟಿಕ್ ಆಮ್ಲ ಇರುವುದು ಸುಮಾರು ಶೇ. 4, ಅಂದರೆ 100 ಮಿ.ಲೀ.ಗೆ 4 ಗ್ರಾಂ. ಅಷ್ಟನ್ನೂ ಮುಗಿಸಿಬಿಡಲು ಐದೂವರೆ ಗ್ರಾಂ ಸೋಡಾ, ಸರಿಸುಮಾರು ಒಂದು ಟೀ ಚಮಚ, ಸಾಕು. ಗುಳ್ಳೆಯಾಗಿ ಹಾರಿಹೋಗುವುದು ಕಾರ್ಬನ್ ಡೈಆಕ್ಸೈಡ್. ತಳದಲ್ಲಿ ಉಳಿಯುವುದು ನೀರು ಮತ್ತು ಸೋಡಿಯಂ ಅಸಿಟೇಟ್ ಎಂಬ ಒಂದಿಷ್ಟು ಉಪ್ಪು. ಕ್ಷಾರ ಆಮ್ಲವನ್ನು ಮುಗಿಸಿತು, ಆಮ್ಲ ಕ್ಷಾರವನ್ನು ಮುಗಿಸಿತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರಲ್ಲ, ಇಲ್ಲಿನ ಕೂಸು ಜಿಡ್ಡು. ಅದು ಬಡವಾಗುವುದೇ ಇಲ್ಲ.

ಬೇರೆ ಬೇರೆ ಇಟ್ಟರೆ ಇಬ್ಬರೂ ದುಡಿಯುವವರೇ. ಮೂರು ಚಮಚ ಸೋಡಾಕ್ಕೆ ಒಂದು ಚಮಚ ನೀರು ಹಾಕಿ ಕಲಸಿ, ಗ್ಯಾಸ್ ಒಲೆಯ ಸ್ಟೀಲಿನ ಮೇಲೆ ಬಳಿದು, ಕಾಲು ಗಂಟೆ ಬಿಟ್ಟು ಒದ್ದೆ ಬಟ್ಟೆಯಿಂದ ತಿಕ್ಕಿದರೆ ಒಗ್ಗರಣೆಯ ಕಲೆ ಏಳುತ್ತದೆ. ಅಲ್ಯೂಮಿನಿಯಂ ಪಾತ್ರೆಗೆ ಮಾತ್ರ ಬೇಡ, ಕಪ್ಪಾಗುತ್ತದೆ. ಅದಕ್ಕೆ ಹುಳಿಯೇ ಸರಿ. ಇಡ್ಲಿ ಪಾತ್ರೆಯ ನೀರಿಗೆ ಹಿಂಡಿದ ನಿಂಬೆ ಸಿಪ್ಪೆ ಹಾಕುವ ಅಜ್ಜಿಗೆ ಇದು ಯಾವ ವಿಡಿಯೋ ಇಲ್ಲದೆಯೂ ಗೊತ್ತಿತ್ತು. ಆದರೆ ಅಜ್ಜಿಯ ಪಾತ್ರೆ ಬುಸ್ ಅನ್ನುವುದಿಲ್ಲ. ಸದ್ದಿಲ್ಲದ ಮೇಲೆ ವ್ಯೂಸ್ ಎಲ್ಲಿಂದ?

ಬೆಂಗಳೂರಿನ ಬೋರ್‌ವೆಲ್ ನೀರಿನದು ಇನ್ನೊಂದು ಪ್ರಹಸನ. ನಲ್ಲಿಯ ಬುಡದಲ್ಲಿ, ಶವರಿನ ಕಣ್ಣಿನಲ್ಲಿ ಕಟ್ಟುವ ಬಿಳಿ ಹೊಟ್ಟು ಕ್ಯಾಲ್ಸಿಯಂ ಕಾರ್ಬೊನೇಟ್. ಸೋಪು, ಶಾಂಪೂ, ಡಿಟರ್ಜೆಂಟು ಎಷ್ಟು ಸುರಿದರೂ ಅದು ಜಗ್ಗದು, ಅದಕ್ಕೆ ಬೇಕಾದದ್ದು ಆಮ್ಲ. ದಿನಸಿ ಅಂಗಡಿಯ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲ, ಎರಡು ಚಮಚ, ಬಿಸಿ ನೀರು ಒಂದು ಲೋಟ. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಶವರಿನ ಮೂತಿ ಮುಳುಗುವಂತೆ ರಬ್ಬರ್ ಬ್ಯಾಂಡ್ ಕಟ್ಟಿ, ಅರ್ಧ ಗಂಟೆ ಬಿಟ್ಟು, ಹಳೇ ಹಲ್ಲುಜ್ಜುವ ಬ್ರಶ್‌ನಿಂದ ಉಜ್ಜಿ. ಮುಗಿಯಿತು. ರಾತ್ರಿಯಿಡೀ ಬಿಟ್ಟರೆ ಹೊಳಪಿನ ಲೇಪವೂ ಹೋದೀತು. ಇಷ್ಟಕ್ಕೆ ತಂಪು ಪಾನೀಯ ಸುರಿಯುವ ಸಲಹೆ ಕೊಡುವವರಿದ್ದಾರೆ. ಅದರಲ್ಲೂ ಆಮ್ಲವಿದೆ, ಸುಳ್ಳಲ್ಲ. ಜೊತೆಗೆ ಸಕ್ಕರೆಯೂ ಇದೆ. ಬಿಳಿ ಕಲೆ ಅರ್ಧ ಹೋಗುವಷ್ಟರಲ್ಲಿ ಇರುವೆ ಪೂರ್ತಿ ಬಂದಿರುತ್ತದೆ.

ಅದೇ ಉತ್ಸಾಹದಲ್ಲಿ ನಿಂಬೆ ಹೋಳು ಹಿಡಿದು ಅಡುಗೆಮನೆಯ ಕಡಪ ಕಲ್ಲನ್ನೂ ಉಜ್ಜುವವರುಂಟು. ಕಡಪ ಕಲ್ಲು ಸುಣ್ಣದ ಕಲ್ಲು, ಅಮೃತಶಿಲೆಯೂ ಅದೇ ಜಾತಿ. ಶವರಿನ ಹೊಟ್ಟನ್ನು ತಿಂದ ಆಮ್ಲ ಇವನ್ನೂ ತಿನ್ನುತ್ತದೆ. ಹೋಳಿನ ಆಕಾರಕ್ಕೆ ಸರಿಯಾಗಿ ಮಂಕು ಗುರುತು ಉಳಿಯುತ್ತದೆ. ಆ ಗುರುತು ತೆಗೆಯುವ ವಿಡಿಯೋ ಬೇರೆ ಇದೆ. ಅದರಲ್ಲಿ ವಿನೆಗರ್ ಹಾಕುತ್ತಾರೆ.

ನೆಲ ಒರೆಸುವ ಸಂಗತಿ ಬೇಗ ಮುಗಿಸೋಣ. ಗಿರಗಿರ ತಿರುಗುವ ಮಾಪಿನ ಬಕೆಟ್ ಮನೆಮನೆಗೆ ಬಂದಿದೆ. ಹಿಂಡಿದ ಕೊಳೆ ನೀರು ಅದೇ ಬಕೆಟ್ಟಿಗೆ ಬೀಳುತ್ತದೆ, ಮಾಪು ಮತ್ತೆ ಅದರಲ್ಲೇ ಮುಳುಗುತ್ತದೆ. ಎರಡು ಕೋಣೆಗೊಮ್ಮೆ ನೀರು ಬದಲಿಸದಿದ್ದರೆ ಪಡಸಾಲೆಯ ಕೊಳೆ ದೇವರ ಮನೆಗೂ ಸಮಪಾಲು. ಮಂಗಳೂರಿನ ಹಿಡಿಸೂಡಿ ಪೊರಕೆಗೆ ಇಂಥ ಸಮಾಜವಾದ ತಿಳಿದಿರಲಿಲ್ಲ.

ಇನ್ನು ‘ಡಬಲ್ ಪವರ್’. ಶೌಚಾಲಯ ತೊಳೆಯುವ ನೀಲಿ ದ್ರಾವಣ ಒಂದು ಮುಚ್ಚಳ, ಬಿಳಿ ಬಟ್ಟೆಯ ಬ್ಲೀಚ್ ಒಂದು ಮುಚ್ಚಳ, ಎರಡೂ ಸೇರಿದರೆ ಎರಡು ಪಟ್ಟು ಶಕ್ತಿಯಂತೆ. ಶಕ್ತಿ ನಿಜವೇ, ಅದು ಕೆಲಸ ಮಾಡುವುದು ತಿಕ್ಕುವವರ ಶ್ವಾಸಕೋಶದ ಮೇಲೆ. ಮೊದಲನೆಯದರಲ್ಲಿ ಸಾಮಾನ್ಯವಾಗಿ ಶೇ. 10ರ ಆಸುಪಾಸು ಹೈಡ್ರೋಕ್ಲೋರಿಕ್ ಆಮ್ಲ, ಎರಡನೆಯದರಲ್ಲಿ ಸೋಡಿಯಂ ಹೈಪೋಕ್ಲೋರೈಟ್. ಸೇರಿದರೆ ಏಳುವುದು ಕ್ಲೋರಿನ್ ಅನಿಲ. ನಾಲ್ಕಡಿ ಅಗಲದ, ಬಾಗಿಲು ಹಾಕಿದ, ಎಕ್ಸಾಸ್ಟ್ ಫ್ಯಾನ್ ಕೆಟ್ಟ ಬಚ್ಚಲಲ್ಲಿ ಅದು ಎಲ್ಲಿಗೆ ಹೋಗಬೇಕು? ಘಾಟು ಮೂಗಿಗೆ ಬಡಿದರೆ ‘ಇನ್ನೊಂದು ನಿಮಿಷ ತಿಕ್ಕಿಬಿಡ್ತೀನಿ’ ಅನ್ನದೆ ಬಾಗಿಲು ತೆರೆದಿಟ್ಟು ಹೊರಗೆ ಬನ್ನಿ, ಫ್ಲಶ್ ಮಾಡಲೆಂದು ಮತ್ತೆ ಒಳಗೆ ನುಗ್ಗಬೇಡಿ. ಉಸಿರು ಕಟ್ಟಿದರೆ, ಕೆಮ್ಮು ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಿ. ಎರಡನ್ನೂ ಬಳಸಲೇಬೇಕೆಂದರೆ ಬೇರೆ ಬೇರೆ ದಿನ ಬಳಸಿ. ಇನ್ನು ಬಿಡಿಯಾಗಿ ಮಾರುವ ಆಸಿಡ್: ಆಸಿಡ್ ಕೊಳ್ಳುವವರ ವಿವರ ಬರೆದಿಡಬೇಕು, ಗುರುತಿನ ಚೀಟಿ ನೋಡಬೇಕು ಎಂದು 2013ರಲ್ಲೇ ಸುಪ್ರೀಂ ಕೋರ್ಟ್ ಹೇಳಿತು. ಬೀದಿಯಲ್ಲಿ ಅದು ಹಳೇ ನೀರಿನ ಬಾಟಲಿಯಲ್ಲಿ ಸೊಪ್ಪಿನಷ್ಟೇ ಸಲೀಸಾಗಿ ಸಿಗುತ್ತದೆ. ಟೈಲ್ಸ್ ಬೆಳ್ಳಗಾಗುವುದು ಹೌದು, ಸಂದಿನ ಸಿಮೆಂಟು ಕರಗಿ ಗುಂಡಿ ಬೀಳುವುದೂ ಹೌದು. ಆ ಗುಂಡಿಯಲ್ಲಿ ಮುಂದಿನ ತಿಂಗಳ ಪಾಚಿ ಸುಖವಾಗಿ ನೆಲೆಸುತ್ತದೆ.

ಕಟ್ಟಿಕೊಂಡ ಸಿಂಕಿಗೆ ಮರಳೋಣ. ಸೋಡಾ, ವಿನೆಗರ್ ಆಯಿತು, ನುಸಿಗುಳಿಗೆಯೂ ಆಯಿತು. ಕೊನೆಗೆ ಕುದಿಯುವ ಗಂಜಿನೀರು ಸುರಿದು ಪಿವಿಸಿ ಪೈಪನ್ನೂ ಮೆತ್ತಗೆ ಮಾಡಿದ್ದಾಯಿತು. ಈ ನಾಟಕವೆಲ್ಲ ನಡೆಯುವಾಗ ಸಿಂಕಿನ ಕೆಳಗೆ, ಕೈಗೆಟುಕುವ ಜಾಗದಲ್ಲಿ, ಬಾಟಲ್ ಟ್ರ್ಯಾಪ್ ಎಂಬ ಬಿಳಿ ಪ್ಲಾಸ್ಟಿಕ್ ಲೋಟ ತನ್ನನ್ನು ಯಾರಾದರೂ ತಿರುಗಿಸಿಯಾರೇ ಎಂದು ಕಾಯುತ್ತಿರುತ್ತದೆ. ಅದರ ಕೆಳಗೊಂದು ಬಕೆಟ್ ಇಡಿ. ಕೆಳಗಿನಿಂದ ನೋಡುತ್ತ, ಡಬ್ಬಿಯ ಮುಚ್ಚಳ ಬಿಚ್ಚುವ ಹಾಗೆ ಎಡಕ್ಕೆ ತಿರುಗಿಸಿ. ಬಿಗಿಯಾಗಿದ್ದರೆ ಒಣ ಬಟ್ಟೆ ಸುತ್ತಿ ಹಿಡಿಯಿರಿ. ಪಾನಾ ಹಾಕಿದರೆ ಪ್ಲಾಸ್ಟಿಕ್ ಸೀಳುತ್ತದೆ. ಒಳಗೆ ಅನ್ನದ ಅಗುಳು, ಸಾಸಿವೆ, ಕರಿಬೇವಿನ ಕಡ್ಡಿ, ಸ್ಕ್ರಬ್ಬರಿನ ಹಸಿರು ಚೂರು, ಇವನ್ನೆಲ್ಲ ಹಿಡಿದಿಟ್ಟ ಬೂದುಬಣ್ಣದ ಜಿಡ್ಡು. ಯಾವ ನೊರೆಗೂ ಇದು ಬಗ್ಗುವ ಪದಾರ್ಥವಲ್ಲ. ಹಳೇ ಚಮಚದಿಂದ ಕೆರೆದು ಕಸದ ಬುಟ್ಟಿಗೆ ಹಾಕಿ, ಲೋಟವನ್ನು ಪಾತ್ರೆ ಸೋಪಿನಿಂದ ತೊಳೆದು, ರಬ್ಬರ್ ವಾಷರ್ ಮಡಚಿಕೊಳ್ಳದಂತೆ ಕೂರಿಸಿ ಕೈಯಲ್ಲೇ ಬಿಗಿ ಮಾಡಿ. ಒಂದು ಚೊಂಬು ನೀರು ಬಿಡಿ. ಲೋಟದಲ್ಲಿ ನಿಲ್ಲುವ ಆ ನೀರೇ ಚರಂಡಿಯ ವಾಸನೆಗೆ ಅಡ್ಡ. ಬಹಳ ದಿನ ಊರಿಗೆ ಹೋಗಿ ಬಂದಾಗ ಮನೆಯೆಲ್ಲ ನಾರುವುದು ಅದು ಒಣಗಿದ್ದಕ್ಕೆ, ನುಸಿಗುಳಿಗೆ ಇಲ್ಲದ್ದಕ್ಕಲ್ಲ.

ಹತ್ತು ನಿಮಿಷದ ಕೆಲಸ, ಖರ್ಚು ಸೊನ್ನೆ, ಬುಸ್ಸೂ ಇಲ್ಲ. ತಪ್ಪುವುದು ಒಂದೇ ಕಡೆ. ಲೋಟ ಇನ್ನೂ ಕೈಯಲ್ಲೇ ಇರುವಾಗ, ತುಂಬಿದ ಬಕೆಟ್ಟಿನ ನೀರನ್ನು ರೂಢಿಯಂತೆ ಅದೇ ಸಿಂಕಿಗೆ ಸುರಿಯುವವರು ಬಹಳ ಮಂದಿ. ಅದು ನೇರವಾಗಿ ಪಾದದ ಮೇಲೆ ಬೀಳುತ್ತದೆ.