ಮಳೆ ಡೈರಿಯಲ್ಲಿ ನೋವಿಗೂ ಒಂದು ಜಾಗ

"10ಕ್ಕೆ ಎಷ್ಟು ನೋವಿದೆಯಮ್ಮಾ?" ಅಂತ ಡಾಕ್ಟರು ಕೇಳಿದರು. ಅಕ್ಕ ನನ್ನ ಮುಖ ನೋಡಿದಳು, ಆಮೇಲೆ ಗೋಡೆ ನೋಡಿದಳು. "ಇದೆ ಸಾರ್, ಸ್ವಲ್ಪ" ಅಂದಳು. ಅವರು 3 ಅಂತ ಬರೆದುಕೊಂಡರು. ನೋವಿನ ಮಾತು ಅಲ್ಲಿಗೆ ಮುಗಿಯಿತು. ಉಳಿದ ಹೊತ್ತೆಲ್ಲ ಕ್ರಿಯಾಟಿನಿನ್ (ಕಿಡ್ನಿಯ ಕೆಲಸ ತೋರಿಸುವ ರಕ್ತಪರೀಕ್ಷೆ), ಬಿಪಿ, ಸ್ಕ್ಯಾನಿಂಗ್ ರಿಪೋರ್ಟು.

ಹಿಂದಿನ ದಿನವಷ್ಟೇ ನಾನು ಕೊಡಗಿನ ಸೋಮವಾರಪೇಟೆ ಕಡೆ ಇರುವ ಅವಳ ಮನೆಗೆ ಹೋಗಿದ್ದೆ. ರೋಬಸ್ಟಾ ಕಾಫಿ ಕೊಯ್ಲು ನಡೆಯುತ್ತಿತ್ತು. ಎಲ್ಲರೂ ಚೀಲವನ್ನು ಸೊಂಟಕ್ಕೆ ಕಟ್ಟಿಕೊಂಡು ಹಣ್ಣು ಬಿಡಿಸುತ್ತಿದ್ದರೆ ಅಕ್ಕನ ಚೀಲ ಮಾತ್ರ ಹೆಗಲಲ್ಲಿತ್ತು. ಯಾಕೆ ಅಂದೆ. "ಕಟ್ಟಿದ್ರೆ ಪಕ್ಕೆಗೆ ಒತ್ತುತ್ತೆ ಕಣೆ" ಅಂದಳು. ಎರಡು ವರ್ಷದಿಂದ ಹಾಗೇ ಅಂತೆ. ಮಧ್ಯಾಹ್ನ ಅರ್ಧ ಅಕ್ಕಿರೊಟ್ಟಿ ತಿಂದು ತಟ್ಟೆ ಸರಿಸಿದಳು. ಬಲಮಗ್ಗುಲಲ್ಲಿ ಮಲಗುವುದನ್ನು ಬಿಟ್ಟು ಎಷ್ಟು ಕಾಲವಾಯಿತೆಂದು ಅವಳಿಗೇ ನೆನಪಿಲ್ಲ. ಇದೆಲ್ಲ ಸೇರಿ ಆಸ್ಪತ್ರೆಯ ಚೀಟಿಯಲ್ಲಿ 3.

ನಮ್ಮ ಮನೆತನದಲ್ಲಿ ಪಾಲಿಸಿಸ್ಟಿಕ್ ಕಿಡ್ನಿ ಕಾಯಿಲೆ ಇದೆ. ಅಮ್ಮನಿಗಿತ್ತು, ಅಕ್ಕನಿಗೆ ಬಂತು, ನನಗೆ ಬರಲಿಲ್ಲ. ತಂದೆ ತಾಯಿಯಲ್ಲಿ ಒಬ್ಬರಿಗಿದ್ದರೂ ಪ್ರತಿ ಮಗುವಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ. ಹೆಚ್ಚಿನವರಲ್ಲಿ ದೋಷ ಇರುವುದು 16ನೇ ಕ್ರೋಮೋಸೋಮಿನ ಪಿಕೆಡಿ1 ಜೀನಿನಲ್ಲಿ. ಮುಷ್ಟಿ ಗಾತ್ರದ, ಸುಮಾರು 150 ಗ್ರಾಂ ತೂಗಬೇಕಾದ ಕಿಡ್ನಿ ನೀರ್ಗುಳ್ಳೆ ತುಂಬಿಕೊಂಡು ಕೆಲವರಲ್ಲಿ ಕೆಜಿಗಟ್ಟಲೆ ಆಗುತ್ತದೆ. ಅದರ ಸುತ್ತಲಿನ ಪೊರೆ ಹಿಗ್ಗಿ ಜಗ್ಗುತ್ತದೆ. ಹೊಟ್ಟೆಯ ಭಾರಕ್ಕೆ ನಿಲ್ಲುವ ಭಂಗಿಯೇ ಬದಲಾಗಿ ಸೊಂಟ ಹಿಡಿಯುತ್ತದೆ. ಒಮ್ಮೊಮ್ಮೆ ಗುಳ್ಳೆಯೊಳಗೆ ರಕ್ತ ಸೋರುತ್ತದೆ, ಸೋಂಕು ಆಗುತ್ತದೆ, ಕಲ್ಲೂ ಆಗುತ್ತದೆ. ಈ ಕಾಯಿಲೆಯವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ನೋವು ಉಂಡವರೇ.

ಕಿಡ್ನಿಯಲ್ಲಿ ಗುಳ್ಳೆ ಬೆಳೆಯುತ್ತಿದ್ದರೂ ಉಳಿದ ಒಳ್ಳೆಯ ಭಾಗ ದುಡಿದು ವರ್ಷಗಟ್ಟಲೆ ರಕ್ತದ ರಿಪೋರ್ಟನ್ನು ಸರಿಯಾಗಿಯೇ ತೋರಿಸುತ್ತದೆ. ರಿಪೋರ್ಟು ಕೆಡುವುದಕ್ಕೂ ಎಷ್ಟೋ ಮೊದಲೇ ನೋವು ಬಂದಿರಬಹುದು. ಆಗ "ಕ್ರಿಯಾಟಿನಿನ್ ನಾರ್ಮಲ್ ಇದೆಯಲ್ಲಮ್ಮ, ಗ್ಯಾಸ್ಟ್ರಿಕ್ ಇರಬೇಕು" ಅಂತ ಕಳಿಸಿಬಿಡುತ್ತಾರೆ. ಅಕ್ಕನಿಗೆ ಹಾಗೆ ಹೇಳಿದವರು ಒಬ್ಬರಲ್ಲ. ಕಿಡ್ನಿ ಎಷ್ಟು ದೊಡ್ಡದಾಗಿದೆ ಅನ್ನುವುದಕ್ಕೂ ನೋವು ಎಷ್ಟಿದೆ ಅನ್ನುವುದಕ್ಕೂ ನೇರ ತಾಳೆ ಇಲ್ಲ. ಹಾರಂಗಿ ಅಣೆಕಟ್ಟಿನ ಮಟ್ಟ ನೋಡಿ ನಮ್ಮ ತೋಟದಲ್ಲಿ ರಾತ್ರಿ ಎಷ್ಟು ಮಳೆ ಬಿತ್ತು ಅಂತ ಯಾರಾದರೂ ಹೇಳುತ್ತಾರಾ?

ಮಳೆಯ ವಿಷಯದಲ್ಲಿ ಕೊಡಗಿನವರಿಗೆ ಯಾರೂ ಪಾಠ ಹೇಳಬೇಕಿಲ್ಲ. ಬೆಳಿಗ್ಗೆ ಎದ್ದು ಭಾವ ಮೊದಲು ಹೋಗುವುದು ಅಂಗಳದ ಮಳೆಮಾಪಕದ ಹತ್ತಿರ. ಇಂಚು, ಸೆಂಟು (ಇಂಚಿನ ನೂರನೇ ಒಂದು ಪಾಲು) ಲೆಕ್ಕ ಡೈರಿಗೆ ಬೀಳಬೇಕು. ಕಾಫಿ ಹೂ ಅರಳಿಸುವ ಮಾರ್ಚಿನ ಹೂಮಳೆ 80 ಸೆಂಟು ಬಿತ್ತೋ 120 ಬಿತ್ತೋ ಅನ್ನುವುದರ ಮೇಲೆ ವರ್ಷದ ಫಸಲೇ ನಿಂತಿರುತ್ತದೆ. ಪಕ್ಕದ ಗುಡ್ಡದವರ ಲೆಕ್ಕ ನಮಗೆ ಆಗುವುದಿಲ್ಲ. "ಜಾಸ್ತಿ ಬಿತ್ತು", "ಸ್ವಲ್ಪ ಬಿತ್ತು" ಅಂತ ಯಾವ ತೋಟದವರೂ ಬರೆಯುವುದಿಲ್ಲ. ಅಪ್ಪನ ಹಳೆಯ ಡೈರಿಗಳು ಈಗಲೂ ನನ್ನ ಹತ್ತಿರ ಇವೆ. ಅಮ್ಮ ಹಾಸಿಗೆ ಬಿಟ್ಟು ಏಳಲಾರದೆ ಮಲಗಿದ್ದ ಆ ಜುಲೈ ತಿಂಗಳ ಒಂದೊಂದು ದಿನದ ಮಳೆಯೂ ಅದರಲ್ಲಿದೆ. ಅಮ್ಮನ ಬಗ್ಗೆ ಒಂದು ಸಾಲೂ ಇಲ್ಲ. ಅಪ್ಪನ ಮೇಲೆ ನನಗೆ ಸಿಟ್ಟಿಲ್ಲ. ಬರೆಯಬಹುದು ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

10ರ ಲೆಕ್ಕವೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಒಬ್ಬರದೇ ನೋವು ಹೋದ ತಿಂಗಳಿಗಿಂತ ಏರಿತೋ ಇಳಿಯಿತೋ ನೋಡುವುದಕ್ಕೆ ಅದು ಬೇಕು. ಆರು ತಿಂಗಳಿಗೊಮ್ಮೆ ಕೇಳಿ, ಆ ಕ್ಷಣ ಬಾಯಿಗೆ ಬಂದದ್ದನ್ನು ಬರೆದರೆ ಅದು ಅಳತೆ ಆಗುವುದಿಲ್ಲ, ಅಷ್ಟೇ. ಅದರಲ್ಲೂ ನಮ್ಮ ಹೆಂಗಸರನ್ನು ಕೇಳಿದರೆ! ಹೆರಿಗೆ ನೋವನ್ನು 10 ಅಂತ ಇಟ್ಟುಕೊಂಡು ಉಳಿದದ್ದೆಲ್ಲ ಅದರ ಕೆಳಗೆ ಅನ್ನುವವರು ಇವರು.

ಈ ಕಾಯಿಲೆಗೆಂದೇ ಮಾಡಿದ ಒಂದು ಪ್ರಶ್ನಾವಳಿ ಇದೆ. ಅದು ನೋವನ್ನು ಮೂರಾಗಿ ಬಿಡಿಸಿ, ಕಳೆದ ಏಳು ದಿನ ಹೇಗಿತ್ತು ಅಂತ ಕೇಳುತ್ತದೆ: ಒಂದೇ ಸಮ ಕಾಡುವ ಮಂದ ನೋವು, ಇದ್ದಕ್ಕಿದ್ದಂತೆ ಚುಚ್ಚುವ ನೋವು, ಹೊಟ್ಟೆ ತುಂಬಿ ಬಿಗಿದಂಥ ಸಂಕಟ. ಮೂರನೆಯದನ್ನು ಓದಿದಾಗ ಆ ಅರ್ಧ ಅಕ್ಕಿರೊಟ್ಟಿ ಕಣ್ಣ ಮುಂದೆ ಬಂತು. ಅಕ್ಕ ಅದನ್ನು ಜನ್ಮದಲ್ಲಿ "ನೋವು" ಅಂತ ಕರೆದಿಲ್ಲ. ಅವಳ ಭಾಷೆಯಲ್ಲಿ ಅದು "ಒಂಥರಾ ಭಾರ". ಬೆನ್ನಿನದು "ಸೆಳೆತ", ಪಕ್ಕೆಯದು "ಹಿಡ್ಕೊಂಡಂಗೆ". ನೋವಿದೆಯಾ ಅಂತ ಕೇಳಿದರೆ ಈ ಮೂರೂ ಹೊರಗುಳಿಯುತ್ತವೆ. ಬೇರೆ ಬೇರೆ ದೇಶಗಳ ರೋಗಿಗಳು, ಮನೆಯವರು, ಡಾಕ್ಟರುಗಳು ಸೇರಿ ಈ ಕಾಯಿಲೆಯ ಪ್ರತಿ ಅಧ್ಯಯನದಲ್ಲೂ ಅಳೆಯಲೇಬೇಕಾದದ್ದು ಏನು ಅಂತ ಆರಿಸಿದಾಗ ನಾಲ್ಕು ವಿಷಯ ಉಳಿದವು. ಕಿಡ್ನಿಯ ಕೆಲಸ, ಹೃದಯದ ತೊಂದರೆ, ಸಾವು, ಮತ್ತೆ ನೋವು. ಸಾವಿನ ಸಾಲಿನಲ್ಲಿ ನೋವನ್ನು ಇಟ್ಟಿದ್ದಾರೆ. ನಮ್ಮ ಫೈಲುಗಳಲ್ಲಿ ಅದಕ್ಕೆ ಒಂದು ಗೆರೆ ಜಾಗವೂ ಇಲ್ಲ.

ಅಕ್ಕನಿಗೆ 3 ಬರೆದ ಆ ವರ್ಷದ ಮಳೆಗಾಲದಲ್ಲಿ ಭಾವನ ಡೈರಿಯಲ್ಲೇ ಪಕ್ಕಕ್ಕೆ ಒಂದು ಗೆರೆ ಎಳೆದುಕೊಟ್ಟೆ. ಭಾರ ಇದ್ದರೆ "ಭಾ", ಚುಚ್ಚಿದರೆ "ಚು", ಸೆಳೆದರೆ "ಸೆ", ಮುಂದೆ ಅವತ್ತು ಯಾವ ಕೆಲಸ ಆಗಲಿಲ್ಲ ಅನ್ನುವುದು. ಒಂದು ದಿನದ್ದು ಹೀಗಿದೆ: "2 ಇಂಚು 35 ಸೆಂಟು. ಭಾ, ಸೆ. ನೀರೊಲೆ ಮುಂದೆ ಬಗ್ಗಲಾಗಲಿಲ್ಲ." ಆಗಸ್ಟಿನಲ್ಲಿ ಮೂರು ದಿನ ಸಾಲಾಗಿ "ಚು", ಜೊತೆಗೆ "ಮೂತ್ರ ಕೆಂಪು" ಅಂತ ಇತ್ತು. ಮುಂದಿನ ಸಲ ಮೈಸೂರಿಗೆ ಹೋದಾಗ ಬೇರೊಬ್ಬ ಡಾಕ್ಟರು ಆ ಪುಟದ ಮೇಲೆ ಬೆರಳಿಟ್ಟು ನಿಧಾನವಾಗಿ ಓದಿದರು. ಗುಳ್ಳೆಯೊಳಗೆ ರಕ್ತ ಸೋರಿರಬೇಕು ಅಂದರು. ಆ ದಿನಗಳಲ್ಲಿ ಯಾವ ಮಾತ್ರೆ ನುಂಗಿದ್ದಿರಿ ಅಂತ ಕೇಳಿದರು. ಅಂಗಡಿಯಿಂದ ತಂದ ಡೈಕ್ಲೊಫೆನಾಕ್. ಅವರ ಮುಖ ಬಿಗಿಯಿತು. ಡೈಕ್ಲೊಫೆನಾಕ್, ಐಬುಪ್ರೊಫೆನ್ ತರಹದ ಮಾತ್ರೆಗಳು ಕಿಡ್ನಿಗೇ ಪೆಟ್ಟು ಕೊಡುವಂಥವು. ನೋವನ್ನು ಯಾರೂ ಕೇಳದಿದ್ದರೆ ಜನ ಹೋಗುವುದು ಅದೇ ಅಂಗಡಿಗೆ. ತೋಟದ ಕೂಲಿಯವರ ಲೈನ್ ಮನೆಗಳಲ್ಲಿ ದಿನಗೂಲಿ ತಪ್ಪಬಾರದು ಅಂತ ಅದನ್ನೇ ನುಂಗಿ ಕೆಲಸಕ್ಕಿಳಿಯುವವರನ್ನು ನಾನೇ ನೋಡಿದ್ದೇನೆ. ಅವರಲ್ಲಿ ಎಷ್ಟು ಜನರ ಕಿಡ್ನಿ ಸ್ಕ್ಯಾನ್ ಆಗಿದೆ?

ಡಾಕ್ಟರಿಗೆ ಹೊತ್ತಿರುವುದಿಲ್ಲ, ಗೊತ್ತು. ಬಾಗಿಲಾಚೆ ಐವತ್ತು ಜನ ಕಾದಿರುತ್ತಾರೆ. ಹಾಗಿದ್ದರೆ ಕಾಯುವ ಬೆಂಚಿನಲ್ಲೇ ಕನ್ನಡದ ಒಂದು ಹಾಳೆ ಕೊಡಿ. ಯಾವ ಥರದ ನೋವು, ಎಷ್ಟು ದಿನ, ಯಾವ ಕೆಲಸ ನಿಂತಿತು. ಓದಲು ಬಾರದವರಿಗೆ ನರ್ಸ್ ಕೇಳಿ ತುಂಬಲಿ. ಬಿಪಿ ಬರೆದ ಜಾಗದ ಕೆಳಗೆ ಅದನ್ನೂ ಬರೆಯಿರಿ, ಮುಂದಿನ ಸಲ ತೆಗೆದು ನೋಡಿ. ಇಷ್ಟು ಕೇಳುವುದು ಜಾಸ್ತಿ ಅಂತ ನನಗೆ ಅನ್ನಿಸುವುದಿಲ್ಲ.

ಅಕ್ಕನ ಮಗಳಿಗೆ ಈಗ ಹತ್ತೊಂಬತ್ತು. ಅವಳಿನ್ನೂ ಸ್ಕ್ಯಾನ್ ಮಾಡಿಸಿಲ್ಲ. ಮಾಡಿಸುವುದು ಬಿಡುವುದು ಅವಳಿಷ್ಟ, ನಾನು ಒತ್ತಾಯ ಮಾಡುವುದಿಲ್ಲ. ರಾತ್ರಿ ಅಮ್ಮನನ್ನು ಕೇಳಿ ಆ ಅಕ್ಷರಗಳನ್ನು ಡೈರಿಗೆ ಬರೆಯುವುದು ಮಾತ್ರ ಈಗ ಅವಳ ಕೆಲಸ. ನಿಮ್ಮ ಮನೆಯಲ್ಲೂ ಈ ಕಾಯಿಲೆ ಇದ್ದರೆ ಕೇಳಿ, ಆ ಪುಟದ ಫೋಟೊ ಕಳಿಸುತ್ತೇನೆ. ಅಕ್ಕ ಒಪ್ಪಿದ್ದಾಳೆ.