ಸಕ್ಕರೆ ಅಣು ಬರೀ ಗುರುತಿನ ಚೀಟಿಯಲ್ಲ

ನರ ಕಾಂಡಕೋಶಗಳ (ನರಕೋಶಗಳನ್ನು ಹುಟ್ಟಿಸುವ ಮೂಲ ಕೋಶಗಳು) ಬಗ್ಗೆ ನೀವು ಬರೆದ ಲೇಖನ ಚೆನ್ನಾಗಿದೆ. ಆದರೆ ಆ ಕೋಶಗಳ ಮೈಮೇಲಿರುವ ಸಕ್ಕರೆ ಸರಪಳಿಗಳನ್ನು ಬರೀ ಗುರುತಿನ ಚೀಟಿ ಎಂದುಬಿಟ್ಟಿದ್ದೀರಲ್ಲ, ಅದು ಅರ್ಧ ಮಾತ್ರ ಸರಿ. ಲೂಯಿಸ್ ಎಕ್ಸ್ ಎಂಬ ಸಕ್ಕರೆ ರಚನೆಯನ್ನು ನೋಡಿ ಈ ಕೋಶಗಳನ್ನು ಬೇರ್ಪಡಿಸುತ್ತಾರೆ, ನಿಜ.

ಜಿಡಿ3 ಕಥೆಯೇ ಬೇರೆ. ಇದು ಕೊಬ್ಬಿಗೆ ಸಕ್ಕರೆ ಅಂಟಿರುವ ಅಣು, ಗ್ಯಾಂಗ್ಲಿಯೋಸೈಡ್ ಗುಂಪಿನದು. ಬೆಳೆಯಲು ಹೇಳುವ ಇಜಿಎಫ್ ಸಂಕೇತವನ್ನು ಹಿಡಿಯುವ ಗ್ರಾಹಕದ (ಕೋಶದ ಮೈಮೇಲಿನ ಪ್ರೋಟೀನ್) ಜೊತೆ ಸೇರಿಕೊಂಡಿರುತ್ತದೆ. ಜಿಡಿ3 ತಯಾರಿಸಲಾಗದ ಇಲಿಗಳ ಕಾಂಡಕೋಶಗಳಲ್ಲಿ ಏನಾಯ್ತು ಗೊತ್ತಾ? ಕೋಶದ ಒಳಗೆ ಹೋದ ಗ್ರಾಹಕ ಮತ್ತೆ ಮೇಲೆ ಬರುವ ಬದಲು ಜಾಸ್ತಿ ನಾಶವಾಯಿತು. ಕೋಶಗಳು ತಮ್ಮಂಥವನ್ನೇ ಮತ್ತೆ ಹುಟ್ಟಿಸುವ ಶಕ್ತಿಯೂ ಕುಗ್ಗಿತು. ಸುಮ್ನೆ ಅಂಟಿಸಿದ ಚೀಟಿ ಇಷ್ಟೆಲ್ಲ ಮಾಡಲ್ಲ ಅಲ್ವಾ?

ಹೆಪರಾನ್ ಸಲ್ಫೇಟ್ ಎಂಬ ಇನ್ನೊಂದು ಸಕ್ಕರೆ ಸರಪಳಿ ಕೂಡ ಹೀಗೆಯೇ, ಎಫ್‌ಜಿಎಫ್2 ಎಂಬ ಇನ್ನೊಂದು ಬೆಳವಣಿಗೆಯ ಸಂಕೇತವನ್ನು ಅದರ ಗ್ರಾಹಕಕ್ಕೆ ಕೂಡಿಸುತ್ತದೆ.

ನನಗೆ ತುಂಬಾ ಇಷ್ಟವಾದದ್ದು ಪಾಲಿಸಿಯಾಲಿಕ್ ಆಮ್ಲ ಎಂಬ ಸಕ್ಕರೆ ಸರಪಳಿ. ಕಾಂಡಕೋಶದಿಂದ ಹುಟ್ಟಿದ ಎಳೆಯ ನರಕೋಶಗಳು ಇಲಿಯ ಮಿದುಳಿನಲ್ಲಿ ವಾಸನೆಯ ಭಾಗದತ್ತ ನಡೆಯುತ್ತವೆ. ಆಗ ಈ ಉದ್ದನೆಯ ಸರಪಳಿ ಕೋಶಗಳ ನಡುವಿನ ಅಂಟನ್ನು ಸಡಿಲಿಸುತ್ತದೆ. ಕಿಣ್ವ ಹಾಕಿ ಅದನ್ನು ಕತ್ತರಿಸಿದರೆ ಆ ನಡಿಗೆಯೇ ಏರುಪೇರಾಗುತ್ತದೆ. ಮುಂದಿನ ಭಾಗದಲ್ಲಿ ಇದರ ಬಗ್ಗೆಯೂ ಬರೆಯಿರಿ ಸರ್.