ಎಲ್ಲದಕ್ಕೂ ಒಂದೇ ಉತ್ತರ: "ನೀನು ಸರಿಯಾಗಿ ತಿನ್ನಲ್ಲ"

ಬೆಳಿಗ್ಗೆಯಿಂದ ತಲೆ ಕೆಟ್ಟಿದೆ. ಹದಿಹರೆಯದವರ ರಕ್ತಹೀನತೆ ಬಗ್ಗೆ ಭಾಷಣ ಇದೆ ಅಂತ ಹೋಗಿದ್ದೆ. ವೇದಿಕೆ ಮೇಲಿದ್ದ ಮಹಾನುಭಾವರು ಅಷ್ಟುದ್ದ ಮಾತಾಡಿ ಹೇಳಿದ್ದು ಇಷ್ಟೇ: ಈಗಿನ ಹುಡುಗಿಯರಿಗೆ ತೆಳ್ಳಗಾಗುವ ಹುಚ್ಚು, ಊಟ ಬಿಡ್ತಾರೆ, ಅದಕ್ಕೇ ರಕ್ತ ಕಮ್ಮಿ. ಎದುರಿಗಿದ್ದ ಮಕ್ಕಳು ಕದ್ದು ಸಿಕ್ಕಿಬಿದ್ದವರ ಹಾಗೆ ತಲೆ ತಗ್ಗಿಸಿ ಕೂತಿದ್ದರು. ಲ್ಯಾಬ್‌ನಲ್ಲಿ ರಕ್ತದ ವರದಿ ನೋಡುವುದೇ ನನ್ನ ಹೊಟ್ಟೆಪಾಡು ಅಂತ ನಿಮಗೆ ಗೊತ್ತಲ್ವಾ. ಅಲ್ಲಿ ಹೇಗೋ ಬಾಯಿ ಮುಚ್ಚಿಕೊಂಡಿದ್ದೆ, ಇಲ್ಲಿ ಆಗಲ್ಲ.

ಆ ವಯಸ್ಸಲ್ಲಿ ಮೈ ಸರಸರ ಬೆಳೆಯುತ್ತದೆ. ಮೈ ಬೆಳೆದಂತೆ ರಕ್ತವೂ ಹೆಚ್ಚಬೇಕು, ಅದಕ್ಕೆ ಕಬ್ಬಿಣ ಬೇಕು. ಸರಿಯಾಗಿ ಅದೇ ಹೊತ್ತಿಗೆ ಮುಟ್ಟು ಶುರು. 1 ಮಿಲಿಲೀಟರ್ ರಕ್ತ ಹೋದರೆ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣ ಹೋಯಿತು ಅಂತ ಲೆಕ್ಕ. ತಿಂಗಳಿಗೆ 80 ಮಿಲಿಲೀಟರ್ ದಾಟಿದರೆ ಅದು ಅತಿಸ್ರಾವ. 40 ಮಿಲಿಗ್ರಾಂ ಕಬ್ಬಿಣ ಖಾಲಿ! ಎಷ್ಟು ಹುಡುಗಿಯರಿಗೆ ಇದು ಜಾಸ್ತಿ ಅಂತ ಗೊತ್ತಿದೆ? ಕೇಳಿದವರು ಯಾರು? ಭಾಷಣದಲ್ಲಿ "ಮುಟ್ಟು" ಅನ್ನುವ ಪದವೇ ಬರಲಿಲ್ಲ. ಸಂಕೋಚವಂತೆ. ಮಕ್ಕಳನ್ನು ಬೈಯುವುದಕ್ಕೆ ಮಾತ್ರ ಯಾವ ಸಂಕೋಚವೂ ಇಲ್ಲ.

ಇನ್ನು ಕೊಕ್ಕೆಹುಳು. ಶೌಚಾಲಯ ಇಲ್ಲದ ಕಡೆ ಬರಿಗಾಲಲ್ಲಿ ನಡೆದರೆ ಮರಿಹುಳು ಚರ್ಮದ ಮೂಲಕ ಒಳಗೆ ಸೇರಿ, ಕರುಳಿಗೆ ಹೋಗಿ ಕಚ್ಚಿಕೊಂಡು ರಕ್ತ ಹೀರುತ್ತದೆ. ಒಂದು ಜಾತಿಯ ಹುಳು ದಿನಕ್ಕೆ ಸುಮಾರು 0.2 ಮಿಲಿಲೀಟರ್ ನುಂಗುತ್ತದೆ. ಹೊಟ್ಟೆಯಲ್ಲಿ ಇರುವುದು ಒಂದೇ ಹುಳು ಅಲ್ಲ ಬಿಡಿ. ಮಲೇರಿಯಾ ಬಂದರೆ ಕೆಂಪು ರಕ್ತಕಣಗಳೇ ಒಡೆದುಹೋಗುತ್ತವೆ. ಪದೇಪದೇ ಸೋಂಕಾದರೆ ಯಕೃತ್ತು ಹೆಪ್ಸಿಡಿನ್ ಅನ್ನುವ ಹಾರ್ಮೋನನ್ನು ಜಾಸ್ತಿ ಬಿಡುತ್ತದೆ. ಆಗ ಊಟದಲ್ಲಿರುವ ಕಬ್ಬಿಣ ಕರುಳು ದಾಟಿ ರಕ್ತಕ್ಕೆ ಸೇರುವುದೇ ಕಷ್ಟ. ತಿಂದರೂ ದಕ್ಕಲ್ಲ ಸ್ವಾಮಿ! ಸಿಕಲ್ ಸೆಲ್, ಥಲಸ್ಸೇಮಿಯಾ ಅನ್ನುವ ರಕ್ತದ ಕಾಯಿಲೆಗಳು ಹುಟ್ಟಿನಿಂದಲೇ ಬರುವಂಥವು. ಅದಕ್ಕೂ ಅವಳ ಡಯೆಟ್ಟೇ ಕಾರಣವೋ?

"ಆದರೂ ಊಟ ಮುಖ್ಯ ಅಲ್ವಾ?" ಅಂತ ಪಕ್ಕದಲ್ಲಿದ್ದವರು ನನಗೇ ಬುದ್ಧಿ ಹೇಳಿದರು. ಮುಖ್ಯ, ಯಾರು ಇಲ್ಲ ಅಂದರು? ಕಾಳು, ಸೊಪ್ಪಿನಲ್ಲಿರುವ ಕಬ್ಬಿಣ ಮಾಂಸದಲ್ಲಿರುವುದರಷ್ಟು ಸುಲಭವಾಗಿ ಮೈಗೆ ಹತ್ತಲ್ಲ. ಜೊತೆಗೆ ವಿಟಮಿನ್ ಸಿ ಇರುವ ಹಣ್ಣು ಇದ್ದರೆ ಚೆನ್ನಾಗಿ ಹೀರುತ್ತದೆ, ಊಟದ ಜೊತೆ ಟೀ ಕುಡಿದರೆ ಕಡಿಮೆ ಆಗುತ್ತದೆ. ಇದನ್ನಾದರೂ ಹೇಳಬಹುದಿತ್ತು. ಹೇಳಿದ್ದೇನು? ಬೀಟ್‌ರೂಟ್ ತಿನ್ನಿ! 100 ಗ್ರಾಂ ಬೀಟ್‌ರೂಟ್‌ನಲ್ಲಿ 1 ಮಿಲಿಗ್ರಾಂ ಕಬ್ಬಿಣವೂ ಇಲ್ಲ. ಬಣ್ಣ ಕೆಂಪಗಿದ್ದರೆ ರಕ್ತ ಆಗಿಬಿಡುತ್ತಾ? ಅಲ್ಲದೆ ಬಡ ಮನೆಯಲ್ಲಿ ಏನು ಬೇಯಬೇಕು, ಯಾರ ತಟ್ಟೆಗೆ ಎಷ್ಟು ಬೀಳಬೇಕು ಅನ್ನುವುದು ಹದಿನಾಲ್ಕರ ಹುಡುಗಿಯ ಕೈಯಲ್ಲಿ ಇರುತ್ತಾ? ಮಾಂಸ, ಮೊಟ್ಟೆ, ಹಣ್ಣು ಕೊಳ್ಳುವ ದುಡ್ಡು ಅವಳ ಹತ್ತಿರ ಇರುತ್ತಾ? ಓದು ಬಿಡಿಸಿ ಮದುವೆ ಮಾಡಿ, ಇನ್ನೂ ಬೆಳೆಯುತ್ತಿರುವ ಮೈಯಲ್ಲೇ ಬಸಿರು ಹೊರಿಸಿದರೆ, ಆ ಮಗುವಿಗೂ ಕಬ್ಬಿಣ ಹಂಚಬೇಕು. ಇದನ್ನೂ ಅವಳೇ ಆರಿಸಿಕೊಂಡಳು ಅನ್ನೋಣ ಬಿಡಿ.

ಆ ವಯಸ್ಸಲ್ಲಿ ನಾನು ಬಳಪ ಕದ್ದು ತಿನ್ನುತ್ತಿದ್ದೆ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ, ಇವತ್ತು ನಿಮಗೆ ಹೇಳ್ತಿದ್ದೇನೆ. ಕಬ್ಬಿಣ ಕಡಿಮೆ ಇದ್ದವರಿಗೆ ಮಣ್ಣು, ಬಳಪ, ಐಸ್ ತಿನ್ನಬೇಕು ಅನ್ನಿಸುವುದುಂಟು ಅಂತ ಈ ಕೆಲಸಕ್ಕೆ ಬಂದ ಮೇಲೆ ತಿಳಿಯಿತು. ಆಗ ಟೀಚರ್ ಕೈಗೆ ಸಿಕ್ಕಿಬಿದ್ದು ಏಟು ತಿಂದೆ. ರಕ್ತ ಪರೀಕ್ಷೆ ಮಾಡಿಸಿ ಅಂತ ಒಬ್ಬರೂ ಅನ್ನಲಿಲ್ಲ. ಅದಕ್ಕೇ ಈ ಸಿಟ್ಟು ಇಷ್ಟು ಜೋರು, ಗೊತ್ತು ನನಗೆ.

ಹುಡುಗರಿಗೂ ರಕ್ತಹೀನತೆ ಬರುತ್ತದೆ, ಬೆಳೆಯುವ ವಯಸ್ಸಲ್ಲಿ ಅವರಿಗೂ ಕಬ್ಬಿಣ ಜಾಸ್ತಿ ಬೇಕು. ಅವರನ್ನು ಆ ಸಭೆಗೆ ಕರೆದೇ ಇರಲಿಲ್ಲ.

ಕೊನೆಗೆ ಎಲ್ಲರಿಗೂ ಕಬ್ಬಿಣದ ಮಾತ್ರೆ ಹಂಚಿದರು. ಒಳ್ಳೆಯದೇ. ಮುಟ್ಟಾಗುವ ಹುಡುಗಿಯರಲ್ಲಿ ರಕ್ತಹೀನತೆ 20 ಶೇಕಡಾ ಮುಟ್ಟಿದ ಕಡೆ ವಾರಕ್ಕೊಂದು ಮಾತ್ರೆ ಕೊಡಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಆದರೆ ಮಾತ್ರೆ ನುಂಗಿದರೆ ಮಲ ಕಪ್ಪಾಗುತ್ತದೆ, ಹೊಟ್ಟೆ ತೊಳಸಬಹುದು, ಹೆದರಬೇಡಿ ಅಂತ ಒಂದು ಮಾತು ಹೇಳಬೇಕೋ ಬೇಡವೋ? ಹೇಳಲಿಲ್ಲ. ನಾಳೆ ಹೆದರಿ ಕಿಟಕಿಯಿಂದ ಎಸೀತಾರೆ. ಆಮೇಲೆ ಅದೇ ಮಹಾನುಭಾವರು ಬಂದು, ಈ ಹುಡುಗಿಯರು ಮಾತ್ರೆನೂ ತಗೊಳಲ್ಲ ನೋಡಿ ಅಂತ ಇನ್ನೊಂದು ಭಾಷಣ ಬಿಗೀತಾರೆ.